ಬೆಳಗ್ಗೆ ಸ್ಟಾರ್ಟ್ ಆಗದ ಔಟ್‌ಬೋರ್ಡ್ ಎಂಜಿನ್: ಮೊದಲು ಪ್ಲಗ್ ಬಿಚ್ಚಿ ನೋಡಿ

ಪ್ರಶ್ನೆ: ನನ್ನ ದೋಣಿಗೆ 15 ಎಚ್‌ಪಿಯ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು, ಕಾರ್ಬುರೇಟರ್ ಒಂದೇ. ನಾಲ್ಕು ತಿಂಗಳು ಮುಚ್ಚಿಟ್ಟಿದ್ದನ್ನು ಈಚೆಗೆ ಹೊರತೆಗೆದೆ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಆಗಬೇಕಾದರೆ ಮೂವತ್ತು ನಲವತ್ತು ಸಲ ಹಗ್ಗ ಎಳೆಯಬೇಕು, ರಟ್ಟೆ ಸೋತುಹೋಗುತ್ತದೆ. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಚೆನ್ನಾಗಿಯೇ ಓಡುತ್ತದೆ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಎಳೆದರೆ ಒಂದೇ ಎಳೆತಕ್ಕೆ ಸ್ಟಾರ್ಟ್. ಎರಡೂ ಪ್ಲಗ್ ಹೊಸದು ಹಾಕಿದೆ, ಏನೂ ಬದಲಾಗಲಿಲ್ಲ. ಮೆಕ್ಯಾನಿಕ್ ಸಿಡಿಐ ಯೂನಿಟ್ (ಪ್ಲಗ್‌ಗೆ ಕಿಡಿ ಕಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬದಲಾಯಿಸೋಣ ಎನ್ನುತ್ತಿದ್ದಾರೆ. ಬದಲಾಯಿಸಲೇ?

ಉತ್ತರ: ಈಗಲೇ ಬೇಡ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಎಂಜಿನ್ ಬಿಸಿ ಇದ್ದಾಗ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ ಎಂದಿರಿ. ಸಿಡಿಐ, ಅದಕ್ಕೆ ಕಿಡಿಯ ಸಮಯ ತಿಳಿಸುವ ಟ್ರಿಗರ್ ಕಾಯಿಲ್‌ನಂಥ ವಿದ್ಯುತ್ ಭಾಗಗಳು ಹಾಳಾಗುವಾಗ ಹೆಚ್ಚಾಗಿ ಇದರ ತದ್ವಿರುದ್ಧ ನಡೆಯುತ್ತದೆ. ತಣ್ಣಗಿರುವಾಗ ಸರಿಯಾಗಿರುತ್ತವೆ, ಬಿಸಿಯೇರಿದ ಮೇಲೆ ಕೈಕೊಡುತ್ತವೆ. ಮುಕ್ಕಾಲು ಗಂಟೆ ಓಡಿದ ಎಂಜಿನ್ ನಡುನೀರಿನಲ್ಲಿ ನಿಂತು, ತಣ್ಣಗಾಗುವ ತನಕ ಸ್ಟಾರ್ಟ್ ಆಗದಿದ್ದರೆ ನಾನೂ ಮೊದಲು ಸಿಡಿಐ ಕಡೆಗೇ ನೋಡುತ್ತಿದ್ದೆ. ನಿಮ್ಮದು ಆ ಲಕ್ಷಣವಲ್ಲ.

ತಣ್ಣಗಿರುವ ಎಂಜಿನ್‌ಗೆ ಬೇಕಾದದ್ದು ಹೆಚ್ಚು ಪೆಟ್ರೋಲ್, ಅದೂ ಬೇಗ ಆವಿಯಾಗುವ ಪೆಟ್ರೋಲ್. ಹೊತ್ತಿಕೊಳ್ಳುವುದು ದ್ರವವಲ್ಲ, ಆವಿ. ತಣ್ಣನೆಯ ಲೋಹದ ಗೋಡೆಗೆ ತಾಗಿದ ಪೆಟ್ರೋಲ್‌ನಲ್ಲಿ ದೊಡ್ಡ ಪಾಲು ಹನಿಯಾಗಿಯೇ ಉಳಿದುಬಿಡುತ್ತದೆ. ಅದನ್ನು ಸರಿದೂಗಿಸಲೆಂದೇ, ಗಾಳಿಯ ದಾರಿ ಮುಚ್ಚಿ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಇರುವುದು. ಬಿಸಿ ಎಂಜಿನ್‌ಗೆ ಈ ತೊಂದರೆ ಇಲ್ಲ: ಕಾರ್ಬುರೇಟರಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ತುಂಬಿರುತ್ತದೆ, ಲೋಹ ಕಾದಿರುತ್ತದೆ, ಒಂದು ಕಿಡಿ ಸಾಕು. ಹಾಗಾಗಿ ನನ್ನ ಅನುಮಾನ ಮೂರರ ಮೇಲೆ, ಇದೇ ಕ್ರಮದಲ್ಲಿ: ಹಳೆಯ ಪೆಟ್ರೋಲ್, ಪೂರ್ತಿ ಮುಚ್ಚದ ಚೋಕ್, ಟ್ಯಾಂಕಿನಿಂದ ಕಾರ್ಬುರೇಟರಿನ ತನಕ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿರುವ ದಾರಿ. ಇವುಗಳಲ್ಲಿ ಯಾವುದು ಎನ್ನುವುದನ್ನು ಊಹೆಯಿಂದ ತೀರ್ಮಾನಿಸಬೇಡಿ. ಸಾಮಾನು ಕೊಂಡು ಹಾಕಿ ಪರೀಕ್ಷಿಸುವುದಂತೂ ಬೇಡವೇ ಬೇಡ. ಪ್ಲಗ್ ಅನ್ನೇ ಕೇಳಿ, ಅದು ಹೇಳುತ್ತದೆ.

ಅದಕ್ಕೂ ಮೊದಲು ಒಂದು ನಿಮಿಷದ ಕೆಲಸ. ಕೈಗೆ ಕಟ್ಟಿಕೊಳ್ಳುವ ಕೆಂಪು ಹುರಿಯ ಕ್ಲಿಪ್ (ಕಳಚಿದರೆ ಕಿಡಿ ನಿಂತು ಎಂಜಿನ್ ನಿಲ್ಲುವಂಥದ್ದು) ಸ್ವಿಚ್ಚಿನಲ್ಲಿ ಸರಿಯಾಗಿ ಕೂತಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು ತೆರೆದಿದೆಯೇ ನೋಡಿ. ಇಷ್ಟು ವರ್ಷ ಈ ಕೆಲಸ ಮಾಡಿದವನು ಹೇಳುತ್ತಿದ್ದೇನೆ: "ಕೆಟ್ಟಿದೆ" ಎಂದು ಹೊತ್ತು ತಂದ ಎಂಜಿನ್‌ಗಳಲ್ಲಿ ಬರೀ ಆ ಕ್ಲಿಪ್ ತಪ್ಪಿದ್ದವು ಕಡಿಮೆಯೇನಲ್ಲ. ಎಂಜಿನ್‌ನ ಕೆಳಭಾಗ ನೀರಿನಲ್ಲಿ ಮುಳುಗಿರಬೇಕು, ಇಲ್ಲವೇ ನೀರು ಹೀರುವ ಜಾಗಕ್ಕೆ ಹೋಸ್ ಜೋಡಿಸಿ ನೀರು ಬಿಟ್ಟಿರಬೇಕು. ಬರೀ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಎಂದು ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಒಂದು ನಿಮಿಷದೊಳಗೆ ಸುಟ್ಟುಹೋಗಬಹುದು. ಆಮೇಲೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಕಾಯ್ದು ಹೋಗುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಪ್ರೊಪೆಲ್ಲರ್ ಹತ್ತಿರ ಯಾರೂ ನಿಲ್ಲಬಾರದು.

ಎಳೆಯುವ ರೀತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಲವತ್ತು ಸಲ ಎಳೆದವರ ಕೊನೆಯ ಇಪ್ಪತ್ತು ಎಳೆತಕ್ಕೆ ಶಕ್ತಿಯೇ ಇರುವುದಿಲ್ಲ. ಹಗ್ಗ ತಿರುಗಿಸುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಒಂದು ಮಟ್ಟದ ವೇಗದಲ್ಲಿ ತಿರುಗಿದರೆ ಮಾತ್ರ ಸಿಡಿಐ ಕಿಡಿ ಕೊಡುತ್ತದೆ. ಅದಕ್ಕಿಂತ ನಿಧಾನವಾದರೆ ಕಿಡಿಯೇ ಇಲ್ಲ, ಎಷ್ಟು ಎಳೆದರೂ ವ್ಯರ್ಥ. ಹಿಡಿಕೆಯನ್ನು ಮೆಲ್ಲಗೆ ಎಳೆಯುತ್ತಾ ಬನ್ನಿ, ಒಳಗೆ ಹಲ್ಲು ಕಚ್ಚಿಕೊಂಡು ಬಿಗಿಯಾದದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಒಂದೇ ಬೀಸಿಗೆ ಉದ್ದಕ್ಕೆ, ಜೋರಾಗಿ ಎಳೆಯಿರಿ. ಹಾಗೆ ನಾಲ್ಕು ಎಳೆತ, ಮಧ್ಯೆ ಉಸಿರು ತೆಗೆದುಕೊಂಡು ಮತ್ತೆ ನಾಲ್ಕು.

ನಾಳೆ ಬೆಳಗ್ಗೆ ಚೋಕ್ ಪೂರ್ತಿ ಎಳೆದು, ಥ್ರಾಟಲ್ ಹಿಡಿಕೆಯನ್ನು ಸ್ಟಾರ್ಟ್ ಗುರುತಿಗಿಟ್ಟು, ಎಂಟು ಸಲ ಎಳೆಯಿರಿ. ಸ್ಟಾರ್ಟ್ ಆಗದಿದ್ದರೆ ನಿಲ್ಲಿಸಿ. ಒಂಬತ್ತನೆಯದು ಬೇಡ. ಆ ಕೂಡಲೇ ಎರಡೂ ಪ್ಲಗ್ ಬಿಚ್ಚಿ ಯಾವುದು ಮೇಲಿನ ಸಿಲಿಂಡರಿನದು, ಯಾವುದು ಕೆಳಗಿನದು ಎಂದು ಬೇರೆಬೇರೆ ಇಟ್ಟು, ತುದಿಯನ್ನು ಬೆಳಕಿಗೆ ಹಿಡಿದು ನೋಡಿ.

ಎರಡೂ ಒಣಗಿವೆ, ಪೆಟ್ರೋಲ್ ವಾಸನೆಯೂ ಅಷ್ಟಕ್ಕಷ್ಟೇ ಎಂದರೆ ಎಂಜಿನ್‌ಗೆ ಪೆಟ್ರೋಲ್ ತಲುಪಿಲ್ಲ. ಎರಡೂ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ. ಒಂದು ಒದ್ದೆ, ಇನ್ನೊಂದು ಒಣ ಎಂದಾದರೆ ನಿಮ್ಮ ಎಂಜಿನ್‌ನಲ್ಲಿ ಕಾರ್ಬುರೇಟರಿನ ಮೇಲಿನ ಅನುಮಾನ ಕಡಿಮೆ ಮಾಡಿಕೊಳ್ಳಬಹುದು, ಒಂದೇ ಕಾರ್ಬುರೇಟರ್ ಇಬ್ಬರಿಗೂ ಬಡಿಸುತ್ತದಲ್ಲ. ಆಗ ಒಣಗಿದ ಸಿಲಿಂಡರಿನ ರೀಡ್ ವಾಲ್ವ್ (ಮಿಶ್ರಣವನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ತೆಳು ಎಲೆ) ಅಥವಾ ಪಿಸ್ಟನ್ ಹಿಂದಿನ ಕೋಣೆಯಾದ ಕ್ರ್ಯಾಂಕ್‌ಕೇಸಿನ ಸೀಲ್ ನೋಡಬೇಕಾಗುತ್ತದೆ. ಇನ್ನು ತುದಿಯಲ್ಲಿ ಎಣ್ಣೆಗೆ ಬೆರೆಯದೆ ಮುತ್ತಿನಂತೆ ನಿಂತ ಹನಿ ಕಂಡರೆ ಅದು ನೀರು. ಮುಂದಿನ ಎಲ್ಲ ಕೆಲಸ ಬಿಟ್ಟು ಟ್ಯಾಂಕ್ ಖಾಲಿ ಮಾಡಿ.

ನಿಮ್ಮ ಪ್ಲಗ್ ಒಣಗಿರುತ್ತವೆ ಎನ್ನುವುದು ನನ್ನ ಎಣಿಕೆ. ಆ ದಾರಿಯನ್ನೇ ಮೊದಲು ವಿವರವಾಗಿ ಹೇಳುತ್ತೇನೆ.

ಮೊದಲು ಒಂದು ಚಿಕ್ಕ ಪರೀಕ್ಷೆ. ಎಣ್ಣೆ ಬೆರೆಸಿದ ಹೊಸ ಪೆಟ್ರೋಲ್ ಅರ್ಧ ಟೀ ಚಮಚಕ್ಕೂ ಕಡಿಮೆ, ಒಂದೊಂದು ಪ್ಲಗ್ ತೂತಿಗೆ ಹಾಕಿ. ಹೊರಗೆ ಚೆಲ್ಲಿದ್ದನ್ನು ಒರೆಸಿ, ಆವಿ ಹೋಗಲು ಒಂದೆರಡು ನಿಮಿಷ ಬಿಟ್ಟು, ಪ್ಲಗ್ ಬಿಗಿದು, ವೈರ್ ಹಾಕಿ ಎಳೆಯಿರಿ. ಒಂದೆರಡು ಎಳೆತಕ್ಕೆ ಗುರ್ ಎಂದು ಎದ್ದು ಎರಡು ಮೂರು ಸೆಕೆಂಡಿನಲ್ಲಿ ಸತ್ತರೆ ಕಿಡಿ ಇದೆ, ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಒತ್ತುವ ಒತ್ತಡ) ಇದೆ, ಕೊರತೆ ಪೆಟ್ರೋಲ್ ಬರುವ ದಾರಿಯಲ್ಲಿ ಎಂದು ಖಚಿತವಾಯಿತು. ಸಿಡಿಐ ಮಾತು ಅಲ್ಲಿಗೇ ಮುಗಿಯಿತು. ಡಬ್ಬಿಯಲ್ಲಿ ಬರುವ ಈಥರ್ ಸ್ಪ್ರೇಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಟೂ ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಸಿಗುವುದು ಪೆಟ್ರೋಲ್ ಜೊತೆಯಲ್ಲೇ. ಈಥರ್ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಪದರವನ್ನು ತೊಳೆದುಹಾಕುತ್ತದೆ, ಜೊತೆಗೆ ಹೊತ್ತಬೇಕಾದ ಕ್ಷಣಕ್ಕಿಂತ ಮುಂಚೆಯೇ ಸಿಡಿಯುತ್ತದೆ.

ಈಗ ಪೆಟ್ರೋಲ್. ನಾಲ್ಕು ತಿಂಗಳ ಹಿಂದಿನದು ಟ್ಯಾಂಕಿನಲ್ಲಿ ಇನ್ನೂ ಇದ್ದರೆ ಅದೇ ಮುಖ್ಯ ಅಪರಾಧಿ ಆಗಿರಬಹುದು. ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು ಮೊದಲು ಹಾರಿಹೋಗುತ್ತವೆ, ಭಾರವಾದವು ಉಳಿಯುತ್ತವೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಬೇಕಾದದ್ದು ಆ ಹಗುರವಾದ ಭಾಗವೇ. ಅದು ಹೋದ ಪೆಟ್ರೋಲ್ ಬಿಸಿ ಎಂಜಿನ್‌ನಲ್ಲಿ ಸರಾಗವಾಗಿ ಉರಿಯುತ್ತದೆ, ತಣ್ಣನೆಯದರಲ್ಲಿ ಮೊಂಡು ಹಿಡಿಯುತ್ತದೆ. ನೀವು ಬರೆದ ಲಕ್ಷಣ ಇದಕ್ಕೆ ಎಷ್ಟು ಹೊಂದುತ್ತದೆ ನೋಡಿ. ಎಥನಾಲ್ ಬೆರೆತ ಪೆಟ್ರೋಲ್ ಆದರೆ ಇನ್ನೊಂದು ತೊಡಕು: ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದ್ದು ಹೆಚ್ಚಾದಾಗ ನೀರು ಮತ್ತು ಎಥನಾಲ್ ಸೇರಿ ತಳಕ್ಕೆ ಇಳಿದು ಬೇರೆ ಪದರವಾಗಿ ನಿಲ್ಲುತ್ತವೆ. ಟ್ಯಾಂಕಿನೊಳಗಿನ ಕೊಳವೆ ಹೀರುವುದು ತಳದಿಂದಲೇ. ಒಂದು ಗಾಜಿನ ಬಾಟಲಿಗೆ ಟ್ಯಾಂಕಿನ ತಳದ ಪೆಟ್ರೋಲ್ ತೆಗೆದು ಅರ್ಧ ಗಂಟೆ ಅಲುಗಿಸದೆ ಇಡಿ. ಕೆಳಗೆ ಗೆರೆ ಎಳೆದಂತೆ ಇನ್ನೊಂದು ಪದರ ಕಂಡರೆ ಅಥವಾ ಹಳೆಯ ವಾರ್ನಿಷ್‌ನಂಥ ವಾಸನೆ ಬಂದರೆ ಅದನ್ನು ಹೊಸ ಪೆಟ್ರೋಲ್‌ಗೆ ಬೆರೆಸಿ ಉಳಿಸಿಕೊಳ್ಳುವ ಆಸೆ ಬಿಡಿ.

ಹೊಸದನ್ನು ಬೆರೆಸುವಾಗ ಎಣ್ಣೆಯ ಲೆಕ್ಕ ಕಣ್ಣಂದಾಜಿನಲ್ಲಿ ಬೇಡ. 50:1 ಎಂದರೆ ಲೀಟರಿಗೆ 20 ಮಿ.ಲೀ., 100:1 ಎಂದರೆ 10 ಮಿ.ಲೀ. ನಿಮ್ಮ ಎಂಜಿನ್‌ಗೆ ಯಾವುದು ಎನ್ನುವುದು ಕೈಪಿಡಿಯಲ್ಲಿದೆ. ಎಣ್ಣೆ ಟಿಸಿ-ಡಬ್ಲ್ಯು3 ಗುರುತಿನದಾಗಿರಲಿ, ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಎಂಜಿನ್‌ಗೆಂದೇ ಮಾಡಿದ್ದು ಅದು. ಇರಲಿ ಎಂದು ನಾಲ್ಕು ಹನಿ ಹೆಚ್ಚು ಸುರಿಯುವವರ ಪ್ಲಗ್‌ಗಳು ಬೇಗ ಮಸಿ ಹಿಡಿಯುತ್ತವೆ. ಟ್ಯಾಂಕನ್ನು ದೋಣಿಯಿಂದ ಇಳಿಸಿ ನೆಲದ ಮೇಲಿಟ್ಟು ತುಂಬಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ.

ಕಾರ್ಬುರೇಟರಿನ ಬೌಲ್‌ನಲ್ಲಿರುವ ಹಳೆಯದನ್ನೂ ತಳದ ತಿರುಪು ಸಡಿಲಿಸಿ ಬರಿದು ಮಾಡಿ. ಸಾಧ್ಯವಾದರೆ ಇನ್ನೊಬ್ಬರಿಂದ ಬೇರೆ ಟ್ಯಾಂಕ್, ಬೇರೆ ಹೋಸ್ ಒಂದು ದಿನದ ಮಟ್ಟಿಗೆ ಕೇಳಿ ತಂದು ಅದರಲ್ಲೇ ಹೊಸ ಪೆಟ್ರೋಲ್ ಹಾಕಿ ಜೋಡಿಸಿ. ಅದಕ್ಕೆ ಸರಾಗವಾಗಿ ಸ್ಟಾರ್ಟ್ ಆದರೆ ಎಂಜಿನ್‌ನ ಯಾವ ಭಾಗವನ್ನೂ ಬಿಚ್ಚುವ ಅಗತ್ಯವಿಲ್ಲ, ತಪ್ಪು ನಿಮ್ಮ ಟ್ಯಾಂಕು ಹೋಸುಗಳಲ್ಲಿದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಉತ್ತರ ಕೊಡುವ ಪರೀಕ್ಷೆ ಔಟ್‌ಬೋರ್ಡ್ ಕೆಲಸದಲ್ಲಿ ಇನ್ನೊಂದಿಲ್ಲ.

ಹೋಸಿನ ಮಧ್ಯೆ ಇರುವ ರಬ್ಬರ್ ಬಲ್ಬ್‌ಗೆ ಒಂದು ಭಾಷೆ ಇದೆ, ಕಲಿತುಕೊಳ್ಳಿ. ಅದರ ಮೇಲಿನ ಬಾಣ ಎಂಜಿನ್ ಕಡೆಗಿರಬೇಕು. ಒತ್ತುವಾಗ ಬಾಣದ ತುದಿ ಮೇಲಕ್ಕೆ ಬರುವಂತೆ ನೆಟ್ಟಗೆ ಹಿಡಿಯಿರಿ, ಒಳಗಿನ ವಾಲ್ವ್‌ಗಳು ಆಗ ಸರಿಯಾಗಿ ಕೂರುತ್ತವೆ. ಕೆಲವು ಒತ್ತಿಗೆ ಬಲ್ಬ್ ಕಲ್ಲಿನಂತೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಟ್ಯಾಂಕ್ ಕಡೆಯಿಂದ ಗಾಳಿ ಬರುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ. ಗಟ್ಟಿಯಾಗಿ, ಐದು ನಿಮಿಷದೊಳಗೆ ಮತ್ತೆ ಮೆತ್ತಗಾದರೆ ಪೆಟ್ರೋಲ್ ಎರಡರಲ್ಲಿ ಒಂದು ಕಡೆ ಹೋಗುತ್ತಿದೆ: ಮುಂದಕ್ಕೆ, ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯನ್ನು ದಾಟಿ ಕಾರ್ಬುರೇಟರಿನಿಂದ ಹೊರಕ್ಕೆ, ಅಥವಾ ಹಿಂದಕ್ಕೆ, ಟ್ಯಾಂಕಿಗೆ. ಮುಂದಕ್ಕೆ ಹೋದರೆ ಎಂಜಿನ್ ಮುಚ್ಚಳದ ಒಳಗೆ ಪೆಟ್ರೋಲ್ ವಾಸನೆ ಹೊಡೆಯುತ್ತದೆ, ತೊಟ್ಟಿಕ್ಕುವುದೂ ಕಾಣುತ್ತದೆ. ಅನುಮಾನವಿದ್ದರೆ ಎಂಜಿನ್ ತುದಿಯ ಕನೆಕ್ಟರ್ ಕಳಚಿ ಬಲ್ಬ್ ಒತ್ತಿ. ಕನೆಕ್ಟರಿನ ಒಳಗಿನ ಗುಂಡು ತೂತನ್ನು ಮುಚ್ಚಿಕೊಂಡಿರುವುದರಿಂದ ಪೆಟ್ರೋಲ್ ಮುಂದೆ ಹೋಗಲಾರದು. ಆಗಲೂ ಬಲ್ಬ್ ಮೆತ್ತಗಾದರೆ, ಕನೆಕ್ಟರಿನಲ್ಲಿ ಸೋರಿಕೆ ಕಾಣದಿದ್ದರೆ, ಹಿಂದಕ್ಕೇ ಇಳಿಯುತ್ತಿದೆ ಎಂದಾಯಿತು. ರಾತ್ರಿಯಿಡೀ ಹೀಗೆ ಇಳಿದುಹೋದ ಹೋಸು ಬೆಳಗ್ಗೆ ಖಾಲಿ. ನೀವು ಬಲ್ಬ್ ಒತ್ತದೆ ಎಳೆಯುತ್ತಿದ್ದರೆ ಮೊದಲ ಇಪ್ಪತ್ತು ಎಳೆತ ಬರೀ ಗಾಳಿ ಸೇದುವುದಕ್ಕೇ ಹೋಗುತ್ತದೆ. ಓಡುವಾಗ ಬಲ್ಬ್ ಚಪ್ಪಟೆಯಾದರೆ ಅದರ ಅರ್ಥ ಬೇರೆ: ಟ್ಯಾಂಕಿನ ಗಾಳಿ ತಿರುಪು ಮುಚ್ಚಿದೆ ಅಥವಾ ಹೀರುವ ಕೊಳವೆಯ ಜಾಲರಿ ಕಟ್ಟಿದೆ.

ಹೋಸಿನ ವಿಷಯದಲ್ಲಿ ನನಗೆ ಪಾಠ ಕಲಿಸಿದ ಒಂದು ಎಂಜಿನ್ ನೆನಪಾಗುತ್ತದೆ. ಕಾರ್ಬುರೇಟರ್ ಮೂರು ಸಲ ಬಿಚ್ಚಿ ತೊಳೆದೆ, ಪೆಟ್ರೋಲ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹೊಸದು ಹಾಕಿದೆ, ಆದರೂ ಅದರ ಮೊಂಡುತನ ಹೋಗಲಿಲ್ಲ. ಹೋಸು ಹೊರಗಿನಿಂದ ಹೊಳೆಯುತ್ತಿತ್ತು, ಹಾಗಾಗಿ ಅದನ್ನು ಮುಟ್ಟಿಯೇ ಇರಲಿಲ್ಲ. ಕೊನೆಗೆ ಬೇಸತ್ತು ಉದ್ದಕ್ಕೆ ಸೀಳಿ ನೋಡಿದರೆ ಒಳಪದರ ಕಿತ್ತುಬಂದು ನಾಲಿಗೆಯಂತೆ ನೇತಾಡುತ್ತಿತ್ತು. ಬಲ್ಬ್ ಒತ್ತಿದರೆ ಪೆಟ್ರೋಲ್ ಹೋಗುತ್ತಿತ್ತು, ಎಂಜಿನ್ ಹೀರಿದರೆ ಆ ನಾಲಿಗೆ ತಾನೇ ಅಡ್ಡ ಬರುತ್ತಿತ್ತು. ಎಥನಾಲ್ ತಡೆಯದ ಹಳೆಯ ಹೋಸುಗಳಲ್ಲಿ ಇದು ಅಪರೂಪವಲ್ಲ. ಆವತ್ತಿನಿಂದ ಹೊರಗಿನ ಹೊಳಪನ್ನು ನೋಡಿ ಹೋಸನ್ನು ನಂಬಿದ್ದಿಲ್ಲ. ಕನೆಕ್ಟರಿನ ಒಳಗಿರುವ ಸಣ್ಣ ಓ-ರಿಂಗ್ ಕೂಡ ಹೀಗೆಯೇ. ಅದು ಒಣಗಿ ಬಿರಿದರೆ ಎಷ್ಟೋ ಸಲ ಪೆಟ್ರೋಲ್ ಹೊರಗೆ ಸೋರುವುದು ಕಾಣುವುದಿಲ್ಲ, ಗಾಳಿ ಮಾತ್ರ ಒಳಗೆ ನುಗ್ಗುತ್ತದೆ.

ಇಷ್ಟೆಲ್ಲ ಸರಿ ಇದ್ದರೆ ಚೋಕ್ ನೋಡಿ. ಕಾರ್ಬುರೇಟರಿನ ಮುಂದಿನ ಗಾಳಿ ಪೆಟ್ಟಿಗೆಯ ಮುಚ್ಚಳ ತೆಗೆದು, ಯಾರಿಗಾದರೂ ಚೋಕ್ ಗುಬ್ಬಿ ಎಳೆಯಲು ಹೇಳಿ. ಒಳಗಿನ ತಟ್ಟೆ ಬಾಯಿಯನ್ನು ಪೂರ್ತಿ ಮುಚ್ಚಬೇಕು. ಗುಬ್ಬಿ ಪೂರ್ತಿ ಹೊರಗೆ ಬಂದಿದೆ ಎಂದರೆ ತಟ್ಟೆ ಮುಚ್ಚಿದೆ ಎಂದು ಅರ್ಥವಲ್ಲ, ಸರಳು ಬಾಗಿ ಅಥವಾ ಪ್ಲಾಸ್ಟಿಕ್ ಕೊಂಡಿ ಸವೆದು ಕಾಲು ಭಾಗ ತೆರೆದೇ ಉಳಿದಿರುತ್ತದೆ. ಆ ಕಾಲು ಭಾಗವೇ ಸಾಕು, ತಣ್ಣನೆಯ ಎಂಜಿನ್ ಏಳುವುದಿಲ್ಲ.

ಚೋಕ್ ಸರಿ ಇದೆ, ಪೆಟ್ರೋಲ್ ಹೊಸದು, ಬಲ್ಬ್ ಗಟ್ಟಿ, ಆದರೂ ಪ್ಲಗ್ ಒಣ. ಆಗ ಕಾರ್ಬುರೇಟರ್ ಇಳಿಸಬೇಕು. ಸ್ಟಾರ್ಟ್ ಮಾಡುವಾಗ ಕೆಲಸ ಮಾಡುವುದು ಪೈಲಟ್ ಜೆಟ್, ಅಂದರೆ ಸ್ಲೋ ಜೆಟ್, ನಿಧಾನ ವೇಗಕ್ಕೆ ಪೆಟ್ರೋಲ್ ಬಿಡುವ ಹಿತ್ತಾಳೆಯ ಬಿಡಿಭಾಗ. ಅದರ ತೂತು ಕೂದಲೆಳೆಯಷ್ಟು ಸಣ್ಣದು. ನಾಲ್ಕು ತಿಂಗಳಲ್ಲಿ ಒಣಗಿದ ಪೆಟ್ರೋಲಿನ ಅಂಟು ಮೊದಲು ಕಟ್ಟುವುದು ಅದನ್ನೇ. ದೊಡ್ಡ ಜೆಟ್ ತೆರೆದಿರುವುದರಿಂದ ವೇಗದಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ನಿಮ್ಮದು ನಿಧಾನಕ್ಕೆ ಬಿಟ್ಟಾಗ ತಡವರಿಸುತ್ತದೆಯೇ, ಗಮನಿಸಿ. ಹೌದಾದರೆ ಜೆಟ್ ಮೇಲಿನ ಅನುಮಾನ ಬಲವಾಯಿತು. ಕಾರ್ಬುರೇಟರ್ ಕ್ಲೀನರ್ ಹೊಡೆದು, ಗಾಳಿ ಊದಿ, ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ತಂತಿ ತೂರಿಸಬೇಡಿ, ಹಿತ್ತಾಳೆ ಮೆತ್ತನೆಯ ಲೋಹ, ತೂತು ದೊಡ್ಡದಾಗಿಬಿಡುತ್ತದೆ. ಸಣ್ಣ ನೈಲಾನ್ ಗಾಳದ ದಾರದ ತುಂಡು ಇದಕ್ಕೆ ಹೇಳಿ ಮಾಡಿಸಿದಂತಿದೆ. ಪೈಲಟ್ ತಿರುಪು (ನಿಧಾನ ವೇಗದ ಮಿಶ್ರಣ ಹೊಂದಿಸುವಂಥದ್ದು) ತೆಗೆಯುವ ಮುನ್ನ ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಡಿ, ಮತ್ತೆ ಅಷ್ಟೇ ಸುತ್ತು ಹೊರಗೆ ಬಿಡಬೇಕು. ಬಿಗಿದರೆ ಅದರ ಮೊನೆ ಹಾಳಾಗುತ್ತದೆ.

ಇನ್ನು ಪ್ಲಗ್ ಒದ್ದೆಯಾಗಿ ಬಂದರೆ. ಚೋಕ್ ಎಳೆದು ನಲವತ್ತು ಸಲ ಎಳೆಯುವವರಲ್ಲಿ ಎಷ್ಟೋ ಸಲ ಎಂಜಿನ್ ಹತ್ತನೆಯ ಎಳೆತಕ್ಕೇ ಓವರ್‌ಫ್ಲೋ ಆಗಿರುತ್ತದೆ, ಉಳಿದ ಮೂವತ್ತು ಎಳೆತ ಅದನ್ನು ಒಣಗಿಸಲು ಖರ್ಚಾಗಿರುತ್ತದೆ. ಒಮ್ಮೆ ಕೆಮ್ಮಿದ ಸದ್ದು ಬಂದ ಕೂಡಲೇ ಚೋಕ್ ಅರ್ಧ ಒಳಗೆ ತಳ್ಳಬೇಕು. ಈಗಾಗಲೇ ಓವರ್‌ಫ್ಲೋ ಆಗಿದ್ದರೆ ಪ್ಲಗ್ ಬಿಚ್ಚಿ, ಕ್ಲಿಪ್ ತೆಗೆದಿಟ್ಟು, ಚೋಕ್ ಒಳಗೆ ತಳ್ಳಿ, ಥ್ರಾಟಲ್ ಪೂರ್ತಿ ತೆರೆದು ಏಳೆಂಟು ಸಲ ಎಳೆದರೆ ಒಳಗಿನ ಪೆಟ್ರೋಲ್ ಹೊರಬೀಳುತ್ತದೆ. ಪ್ಲಗ್ ಒರೆಸಿ, ಥ್ರಾಟಲ್ ಮೊದಲಿನ ಗುರುತಿಗೆ ತಂದು, ಚೋಕ್ ಇಲ್ಲದೆ ಪ್ರಯತ್ನಿಸಿ. ಚೋಕ್ ಎಳೆಯದೆಯೂ ಒದ್ದೆಯಾಗುತ್ತಿದ್ದರೆ ಫ್ಲೋಟ್ ಸೂಜಿ ಕೂರುತ್ತಿಲ್ಲ, ಅಥವಾ ಪೆಟ್ರೋಲ್ ಪಂಪಿನ ಡಯಾಫ್ರಮ್ ಸೂಜಿಮೊನೆಯಷ್ಟು ತೂತಾಗಿ ಕ್ರ್ಯಾಂಕ್‌ಕೇಸಿಗೆ ಪೆಟ್ರೋಲ್ ಸೋರುತ್ತಿದೆ. ಬಿಸಿಲಿನಲ್ಲಿ ಗಾಳಿ ತಿರುಪು ಮುಚ್ಚಿಟ್ಟ ಟ್ಯಾಂಕ್ ಉಬ್ಬಿ ತಾನೇ ಎಂಜಿನ್‌ಗೆ ಪೆಟ್ರೋಲ್ ದಬ್ಬುವುದೂ ಇದೆ, ಹಾಗಾಗಿ ದಿನದ ಕೆಲಸ ಮುಗಿದ ಮೇಲೆ ಹೋಸು ಕಳಚಿಡಿ.

ಒದ್ದೆಯಾಗಿದ್ದೂ ಹೊತ್ತದ ಪ್ಲಗ್‌ನಲ್ಲಿ ಕಿಡಿ ನೋಡಬೇಕು. ಚೆಲ್ಲಿದ ಪೆಟ್ರೋಲ್ ಒರೆಸಿ, ಆವಿ ಹೋಗಲು ಬಿಟ್ಟು, ಕ್ಲಿಪ್ ಮತ್ತೆ ಹಾಕಿ, ಎರಡೂ ಪ್ಲಗ್‌ಗಳನ್ನು ವೈರಿಗೆ ಜೋಡಿಸಿ ಎರಡರ ಲೋಹದ ಮೈಯೂ ಎಂಜಿನ್ ಬ್ಲಾಕಿಗೆ ತಾಗುವಂತೆ, ಪ್ಲಗ್ ತೂತಿನಿಂದ ದೂರ ಇಡಿ. ಒಂದು ವೈರ್ ಅನ್ನು ಗಾಳಿಯಲ್ಲಿ ತೂಗಬಿಟ್ಟು ಎಳೆದರೆ ಚೆನ್ನಾಗಿದ್ದ ಸಿಡಿಐ ಕೂಡ ಆವತ್ತೇ ಹೋಗಬಹುದು. ನೆರಳಿನಲ್ಲಿ ನೀಲಿ ಬಣ್ಣದ, ಟಪ್ ಎನ್ನುವ ಕಿಡಿ ಬರಬೇಕು. ಹಳದಿಯಾಗಿ ಕ್ಷೀಣವಾಗಿದ್ದರೆ ಅಥವಾ ಬರದಿದ್ದರೆ ಸಿಡಿಐಗೆ ಬರುವ ಸ್ಟಾಪ್ ವೈರ್ (ಎಂಜಿನ್ ನಿಲ್ಲಿಸುವ ಸ್ವಿಚ್ಚಿನದು) ಒಂದನ್ನೇ ಕಳಚಿ ಮತ್ತೆ ನೋಡಿ. ಈಗ ಕಿಡಿ ಬಂದರೆ ತಪ್ಪು ಸ್ವಿಚ್ಚಿನದು, ಉಪ್ಪುನೀರು ತಿಂದ ಸ್ವಿಚ್ಚುಗಳು ಅರೆಬರೆ ಸಂಪರ್ಕ ಕೊಟ್ಟು ಕಿಡಿಯನ್ನು ಕದಿಯುತ್ತವೆ. ಆ ವೈರ್ ಕಳಚಿದ್ದಾಗ ಎಂಜಿನ್ ಸ್ಟಾರ್ಟ್ ಆದರೆ ಸ್ವಿಚ್ಚಿನಿಂದ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು ಎನ್ನುವುದು ನೆನಪಿರಲಿ. ಹಾಗೆ ದೋಣಿ ಬಿಡಲೇಬೇಡಿ. ಆಗಲೂ ಕಿಡಿ ಬರದಿದ್ದರೆ ಅರ್ತಿಂಗ್, ಕಾಯಿಲ್, ಟ್ರಿಗರ್, ಎಲ್ಲಕ್ಕೂ ಮೀಟರ್ ಹಿಡಿದು ಕೈಪಿಡಿಯ ಅಳತೆಗೆ ಹೋಲಿಸಿ, ಕೊನೆಯಲ್ಲಿ ಸಿಡಿಐ. ಹೊಸ ಪ್ಲಗ್ ಹಾಕಿದಿರಿ ಎಂದಿರಿ, ಅದರ ಸಂಖ್ಯೆ ಕೈಪಿಡಿಯ ಸಂಖ್ಯೆಗೆ ಅಕ್ಷರಶಃ ಸರಿಹೊಂದುತ್ತದೆಯೇ, ತುದಿಯ ಗ್ಯಾಪ್ (ಕಿಡಿ ಹಾರುವ ಸಂದು) ಅಳೆದಿರಾ? ಪೊಟ್ಟಣದಿಂದ ತೆಗೆದದ್ದೆಲ್ಲ ಸರಿಯಾದ ಗ್ಯಾಪ್‌ನಲ್ಲಿ ಇರುವುದಿಲ್ಲ.

ಕಂಪ್ರೆಷನ್ ಅನ್ನೂ ಒಮ್ಮೆ ಅಳೆಯಿಸಿ, ತಣ್ಣಗಿರುವಾಗಲೇ, ಎರಡೂ ಪ್ಲಗ್ ಬಿಚ್ಚಿ, ವೈರ್‌ಗಳನ್ನು ಬ್ಲಾಕಿಗೆ ತಾಗಿಸಿ, ಥ್ರಾಟಲ್ ಪೂರ್ತಿ ತೆರೆದು. ಈ ಗಾತ್ರದ ಹಲವು ಎಂಜಿನ್‌ಗಳಲ್ಲಿ 90 ಪಿಎಸ್‌ಐಗಿಂತ ಕೆಳಗೆ ಇಳಿದರೆ ನಾನು ಯೋಚನೆಗೆ ಬೀಳುತ್ತೇನೆ. ಅಂಕಿಗಿಂತ ಮುಖ್ಯವಾದದ್ದು ಎರಡು ಸಿಲಿಂಡರುಗಳ ನಡುವಿನ ಅಂತರ, ಅದು ನೂರಕ್ಕೆ ಹತ್ತನ್ನು ಮೀರಬಾರದು. ಮುಚ್ಚಿಟ್ಟ ಎಂಜಿನ್‌ನಲ್ಲಿ ಪಿಸ್ಟನ್ ರಿಂಗು ಇಂಗಾಲದಲ್ಲಿ ಅಂಟಿಕೊಂಡಿರುವುದುಂಟು. ಎಳೆಯುವಾಗ ಕಾರ್ಬುರೇಟರ್ ಬಾಯಿಂದ ಪೆಟ್ರೋಲ್ ಮಂಜಿನಂತೆ ಹಿಂದಕ್ಕೆ ಉಗುಳಿದರೆ ರೀಡ್ ವಾಲ್ವ್‌ನ ಎಲೆ ಮುರಿದಿದೆ. ಹಗ್ಗ ಕೈಯಿಂದ ಕಿತ್ತುಕೊಳ್ಳುವಂತೆ ಹಿಂದಕ್ಕೆ ಒದ್ದರೆ ಫ್ಲೈವೀಲಿನ ಕೀಲಿ ಸರಿದು ಟೈಮಿಂಗ್ (ಕಿಡಿ ಬರಬೇಕಾದ ಕ್ಷಣ) ತಪ್ಪಿರಬಹುದು. ಈ ಎರಡೂ ನಿಮ್ಮ ವಿವರಣೆಯಲ್ಲಿಲ್ಲ.

ಹಾಗಾಗಿ ಈ ವಾರ ನಿಮ್ಮ ಕೆಲಸ ಇಷ್ಟೇ: ಇವತ್ತು ಹಳೆಯ ಪೆಟ್ರೋಲ್ ಪೂರ್ತಿ ತೆಗೆದು, ಬೌಲ್ ಬರಿದು ಮಾಡಿ, ಹೊಸದು ಹಾಕಿ ಅರ್ಧ ಗಂಟೆ ನೀರಿನಲ್ಲಿ ಓಡಿಸಿ. ಚೋಕ್ ತಟ್ಟೆಯನ್ನು ಕಣ್ಣಾರೆ ನೋಡಿ. ನಾಳೆ ಬೆಳಗ್ಗೆ ಬಲ್ಬ್ ಗಟ್ಟಿಯಾಗುವ ತನಕ ಒತ್ತಿ ಎಂಟು ಎಳೆತ. ಆಗಲೂ ಸ್ಟಾರ್ಟ್ ಆಗದಿದ್ದರೆ ಎರಡು ಪ್ಲಗ್‌ಗಳ ತುದಿ ಹೇಗಿತ್ತು, ಬಲ್ಬ್ ಎಷ್ಟು ಹೊತ್ತು ಗಟ್ಟಿಯಾಗಿತ್ತು, ಪ್ಲಗ್ ತೂತಿಗೆ ಪೆಟ್ರೋಲ್ ಹಾಕಿ ಎಳೆದಾಗ ಏನಾಯಿತು, ಈ ಮೂರನ್ನು ಬರೆದುಕೊಂಡು ಮೆಕ್ಯಾನಿಕ್ ಬಳಿ ಹೋಗಿ. ನನಗೂ ಬರೆಯಿರಿ. ಅವೆಲ್ಲ ಕಿಡಿಯ ಕಡೆಗೇ ಬೆರಳು ತೋರಿಸಿದರೆ ಆಗ ಸಿಡಿಐ ತರಿಸೋಣ.